ತೊಳೆದ ಬೀಜ

ಕಳೆದ ಮಳೆಗಾಲದಲ್ಲಿ ಹಲಬರ್ಗಾದ ದಾನಮ್ಮನ ಕಿವಿಗೆ ಬಿದ್ದರೆ ಸಾಕು, ಮೈಯೆಲ್ಲ ಉರಿಯುತ್ತಿದ್ದ ಶಬ್ದವೆಂದರೆ ಮೀಟಿಂಗು. ಹಳ್ಳ ಉಕ್ಕಿ ಊರ ಕೆಳಗಿನ ಹೊಲಗಳೆಲ್ಲ ಮುಳುಗಿದ ಮೇಲೆ ಒಂದೇ ತಿಂಗಳಲ್ಲಿ ಆಕೆ ಹದಿನಾಲ್ಕು ಮೀಟಿಂಗು ಕಂಡಿದ್ದಳು. ಜಮಖಾನಿ ಹಾಸುವವಳೂ ಆಕೆ, ಚಹಾ ಕಾಸುವವಳೂ ಆಕೆ, ಬಂದವರು ಭಾಷಣ ಮಾಡಿ ಎದ್ದುಹೋದ ಮೇಲೆ ಜಮಖಾನಿ ಝಾಡಿಸಿ ಮಡಚುವವಳೂ ಆಕೆ. ಐವತ್ತೆಂಟು ವರ್ಷ ಸವೆದ ಮೊಣಕಾಲು ಕೂತರೆ ಏಳಲು ಕೊಡುತ್ತಿರಲಿಲ್ಲ, ಎದ್ದರೆ ಕೂರಲು ಬಿಡುತ್ತಿರಲಿಲ್ಲ.

ಇಷ್ಟು ಬೇಸರವಿದ್ದರೆ ಬಿಟ್ಟುಬಿಡಬಹುದಿತ್ತಲ್ಲ ಎಂದು ಕೇಳುವವರು ದಾನಮ್ಮನನ್ನು ಬಲ್ಲವರಲ್ಲ. ಆಕೆಯ ಬಾಯಿಗೆ ಇಲ್ಲ ಎನ್ನುವುದೊಂದು ಬರುತ್ತಿರಲಿಲ್ಲ. ಉಳಿದದ್ದೆಲ್ಲ ಬರುತ್ತಿತ್ತು. ಯಾರ ಮನೆಯ ಸಾರು ನೀರಾಗಿದೆ, ಯಾರ ಸೊಸೆ ಕಸ ಹೊಡೆಯುವಾಗ ಮೂಲೆ ಬಿಡುತ್ತಾಳೆ ಎಂಬುದನ್ನು ಮುಖಕ್ಕೇ ಹೇಳಿ, ಆಮೇಲೆ ಅದೇ ಮನೆಯ ಬಾಣಂತನಕ್ಕೆ ಹದಿನೈದು ದಿನ ನಿದ್ದೆಗೆಟ್ಟು ದುಡಿದು ಬರುತ್ತಿದ್ದಳು. ಊರವರು ಆಕೆಯ ನಾಲಿಗೆಯನ್ನು ಸಹಿಸಿದ್ದು ಕೈಗಳ ಸಲುವಾಗಿ. ಕನ್ನಡ, ಮರಾಠಿ ಎರಡೂ ಸರಾಗವಾಗಿದ್ದುದರಿಂದ ಮಹಿಳಾ ಸಂಘಕ್ಕೆ ಆಕೆಯನ್ನೇ ಮುಂದೆ ಮಾಡಿದ್ದರು.

ಆ ಮಳೆ ಮೂರು ಹಗಲು ಮೂರು ರಾತ್ರಿ ಸುರಿದಿತ್ತು. ಉದ್ದು ರಾಶಿಗೆ ಬಂದಿತ್ತು, ಸೋಯಾ ಕಾಯಿ ಕಟ್ಟಿತ್ತು. ನಾಲ್ಕನೆಯ ದಿನ ನೀರಿಳಿದಾಗ ಹೊಲದಲ್ಲಿ ಉಳಿದದ್ದು ಮೊಣಕಾಲುದ್ದದ ಕೆಸರು, ಜಾಲಿ ಮುಳ್ಳು, ಯಾವ ಊರಿನವೋ ತಿಳಿಯದ ಚಪ್ಪಲಿಗಳು. ಕೆಳಗಿನ ಓಣಿಯ ಮನೆಗಳಿಗೂ ನೀರು ಹೊಕ್ಕು, ಗಡಿಗೆಗಳಲ್ಲಿ ಕಟ್ಟಿಟ್ಟ ಬೀಜವೆಲ್ಲ ನೆನೆದು ನಾರಿತು. ದಾನಮ್ಮನ ಗಂಡ ಹಾವಗೆಪ್ಪ ತನ್ನ ಎರಡೂವರೆ ಎಕರೆಯ ಬದುವಿನ ಮೇಲೆ ನಿಂತು ಒಂದು ತಾಸು ಏನೂ ಮಾತಾಡಲಿಲ್ಲ. ಆತ ಮೊದಲೇ ಮಾತು ಕಡಿಮೆಯ ಮನುಷ್ಯ, ಹೆಂಡತಿ ಇಬ್ಬರ ಪಾಲನ್ನೂ ಆಡಿ ಮುಗಿಸುತ್ತಾಳಲ್ಲ ಎಂದು ಊರವರು ನಗುತ್ತಿದ್ದರು. ಅಂದು ಯಾರೂ ನಗಲಿಲ್ಲ.

ಸರಕಾರದವರು ಬಂದು ಫೋನಿನಲ್ಲಿ ಹೊಲದ ಫೋಟೋ ಹೊಡೆದುಕೊಂಡು ಹೋದರು. ಅದರ ಕಥೆ ಬೇರೆ. ಅವರ ಬೆನ್ನಿಗೇ ಬೀದರಿನಿಂದ ಇನ್ನೊಂದು ಗುಂಪು ಬಂತು. ಒಂದು ಮಠದ ಭಕ್ತರು, ಒಂದು ಮಸೀದಿಯ ಕಮಿಟಿಯವರು, ಧಾನ್ಯದ ಪೇಟೆ ಗಂಜಿನ ನಾಲ್ಕಾರು ವ್ಯಾಪಾರಿಗಳು, ಒಂದಿಷ್ಟು ಕಾಲೇಜು ಹುಡುಗ ಹುಡುಗಿಯರು. ಇವರನ್ನೆಲ್ಲ ಒಂದು ದಾರಕ್ಕೆ ಪೋಣಿಸಿದವರು ಪ್ರಮಿಲಾ ಮೇಡಂ. ಬೀದರಿನ ಚಿದ್ರಿಯಲ್ಲಿ ಮನೆ, ಕಾಲೇಜಿನಲ್ಲಿ ಜೀವಶಾಸ್ತ್ರದ ಪಾಠ. ಊರಿಗೆ ಏನು ಬೇಕು ಎಂದು ಅವರು ಮೊದಲು ಕೇಳಿದರು, ಹಾಗೆ ಕೇಳಿದವರು ಅವರೊಬ್ಬರೇ. ದಾನಮ್ಮನಿಗೆ ಅವರು ಹಿಡಿಸಿದ್ದು ಅದಕ್ಕೇ.

ಕೆಸರು ತೆಗೆಯುವ ಕೆಲಸ ಹಳೆಯ ಮುಯ್ಯಿ ಪದ್ಧತಿಯಲ್ಲೇ ಸಾಗಿತು. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಬೀದರಿನ ಮಕ್ಕಳು ಹೊಸ ಕೈಗವಸು ಹಾಕಿಕೊಂಡು ಬಂದು, ಅಂಗೈಯಲ್ಲಿ ಬೊಬ್ಬೆ ಎಬ್ಬಿಸಿಕೊಂಡು ಹೋದರು, ಮುಂದಿನ ಭಾನುವಾರ ಮತ್ತೆ ಬಂದರು. ಮಸೀದಿ ಕಮಿಟಿಯವರು ಒಂದು ಟ್ರಾಕ್ಟರ್ ಕಳಿಸಿದರು, ಮಠದವರು ಬುತ್ತಿ ಕಳಿಸಿದರು. ಸೆಪ್ಟೆಂಬರ್ ನಡುವಿನ ಹೊತ್ತಿಗೆ ಅರವತ್ತು ಮನೆಗಳ ಹೊಲ ಹದಕ್ಕೆ ಬಂದವು. ಮುಂಗಾರಿ ಕೈಬಿಟ್ಟರೂ ಹಿಂಗಾರಿ ಜೋಳ ಬಿತ್ತಬಹುದಿತ್ತು. ಹಸ್ತ ಮಳೆಯೊಳಗೆ ಬೀಜ ಭೂಮಿಗೆ ಬಿದ್ದರೆ ಮನುಷ್ಯರಿಗೆ ಹೊಟ್ಟೆಗೆ ರೊಟ್ಟಿ, ದನಕ್ಕೆ ಕಣಿಕೆ. ತಪ್ಪಿದರೆ ಆ ವರ್ಷ ಎರಡನೆಯ ಸಲ ಮುಳುಗಿದಂತೆ. ಬೇಕಾದದ್ದು ಬೀಜ ಮಾತ್ರ.

ಇಲ್ಲಿ ದಾನಮ್ಮನ ನಾಲಿಗೆ ಅಡ್ಡ ಬಂತು. ಔರಾದ ಕಡೆಯ ತನ್ನ ತವರೂರಿನ ಜೋಳದಂಥ ಜೋಳ ಈ ಭೂಮಿಯ ಮೇಲೆ ಇಲ್ಲವೆಂದು ಆಕೆ ಹಲಬರ್ಗಾಕ್ಕೆ ಮದುವೆಯಾಗಿ ಬಂದ ದಿನದಿಂದ ಸಾರುತ್ತಿದ್ದಳು. ನಲವತ್ತು ವರ್ಷ ಕೇಳಿದ ಊರು ನಂಬಿತ್ತು. ದಾನವ್ವನ ತವರಿನ ಬೀಜವೇ ತರಿಸೋಣ ಎಂದರು. ಪ್ರಮಿಲಾ ಮೇಡಂ ಔರಾದ ಕಡೆಯ ಮಠದ ಭಕ್ತರ ಜೊತೆ ಮಾತಾಡಿದರು. ಎತ್ತರದ ಊರಿನವರು ಮನೆಗೆ ಹತ್ತು ಸೇರಿನಂತೆ ಬೀಜ ಕೊಡುವುದು, ತಗ್ಗಿನ ಊರಿನವರು ಸುಗ್ಗಿಯಾದ ಮೇಲೆ ಅಷ್ಟೇ ಬೀಜ ಹಿಂದಿರುಗಿಸುವುದು ಎಂದು ಮಾತಾಯಿತು. ಅಲ್ಲಿ ಮನೆಮನೆಯಿಂದ ಕೂಡಿಸುವ ಹೊಣೆ ಹೊತ್ತವಳು ದಾನಮ್ಮನ ಅಣ್ಣನ ಹೆಂಡತಿ ಭಾಗೀರಥಿಬಾಯಿ.

ಆ ಹೆಸರು ಕೇಳಿ ದಾನಮ್ಮ ಜಮಖಾನಿ ಮಡಚಲು ಎದ್ದಳು. ಆರು ವರ್ಷದಿಂದ ಆಕೆ ತವರಿಗೆ ಹೋಗಿರಲಿಲ್ಲ. ತಾಯಿಯ ತಿಥಿಯ ದಿನ ಐವತ್ತು ಜನರ ಪಂಕ್ತಿಯಲ್ಲಿ ರೊಟ್ಟಿ ಮುರಿದು ಬಾಯಿಗಿಟ್ಟಾಗ ಹಲ್ಲಿಗೆ ಹಳ್ಳು, ಕಾಳಿನಷ್ಟು ಸಣ್ಣ ಕಲ್ಲು, ಸಿಕ್ಕಿತ್ತು. ಅದನ್ನು ಅಂಗೈ ಮೇಲೆ ಉಗುಳಿ, ಎಲ್ಲರಿಗೂ ತೋರಿಸಿ, ಜೋಳ ತೊಳೆದು ಬೀಸುವ ಪದ್ಧತಿ ಈ ಮನೆಯಲ್ಲಿ ನಮ್ಮವ್ವನ ಸಂಗಡವೇ ಹೋಯಿತು ಎಂದಿದ್ದಳು. ಬಡಿಸುತ್ತಿದ್ದ ವೈನಿ, ಅದೇ ಅತ್ತಿಗೆ ಭಾಗೀರಥಿಬಾಯಿ, ರೊಟ್ಟಿಯ ಬುಟ್ಟಿ ಇಟ್ಟು ಒಳಗೆ ಹೋಗಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಮೇಲೆ ಎರಡು ಮನೆಗಳ ನಡುವೆ ಮದುವೆ ಪತ್ರಿಕೆಗಳು ಓಡಾಡಿದವು, ಮನುಷ್ಯರು ಓಡಾಡಲಿಲ್ಲ.

ಬೀಜ ತರಲು ಹೋದಾಗಲೂ ದಾನಮ್ಮ ಟೆಂಪೋ ಇಳಿಯಲಿಲ್ಲ, ಮೊಣಕಾಲು ನೋವೆಂದಳು. ಟೆಂಪೋ ಬೀದರಿನ ನಿಜಾಮೋದ್ದೀನನದು. ಮಸೀದಿ ಕಮಿಟಿಯ ಮಾತಿಗೆ ಬಾಡಿಗೆಯಿಲ್ಲದೆ ಓಡಾಡುತ್ತಿದ್ದ ಆತ, ಬಾಯಿಬಿಟ್ಟು ಒಂದು ಉಪಕಾರವನ್ನೂ ಎಣಿಸದ ಮನುಷ್ಯ. ಹನ್ನೊಂದು ಚೀಲ ತಾನೇ ಹೊತ್ತು ಹಾಕಿ, ಮೇಲೆ ತಾಡಪತ್ರಿ ಬಿಗಿದು ಕಟ್ಟಿದ. ಭಾಗೀರಥಿಬಾಯಿ ಬಾಗಿಲಲ್ಲಿ ನಿಂತಿದ್ದರು. ಇಬ್ಬರು ಹೆಂಗಸರೂ ಚೀಲಗಳನ್ನೇ ನೋಡಿದರು.

ಊರಿಗೆ ಬಂದು ಚೀಲ ಬಿಚ್ಚಿದರೆ ಜೋಳ ಮುತ್ತಿನಂತಿತ್ತು. ಕಸವಿಲ್ಲ, ಕಡ್ಡಿಯಿಲ್ಲ, ಒಂದು ಹಳ್ಳಿಲ್ಲ. ದಾನಮ್ಮನಿಗೆ ಒಳಗೊಳಗೇ ಹೆಮ್ಮೆಯಾಯಿತು, ಜೊತೆಗೆ ಚುಚ್ಚಿದಂತೆಯೂ ಆಯಿತು. ಪ್ರಮಿಲಾ ಮೇಡಂ ಫೋನ್ ಮಾಡಿ, ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ, ಎಷ್ಟು ಮೊಳೆಯುತ್ತವೆ ನೋಡೋಣ ಎಂದರು. ತನ್ನ ತವರಿನ ಜೋಳಕ್ಕೆ ಪರೀಕ್ಷೆ ಎಂಬುದನ್ನು ದಾನಮ್ಮನಿಗೆ ತಡೆಯಲಾಗಲಿಲ್ಲ.

"ನಮ್ಮ ಬೀಜಕ್ಕ ಪರೀಕ್ಷಾ ಬ್ಯಾಡ್ರಿ ಮೇಡಂ. ಅದರ ಜವಾಬ್ದಾರಿ ನಂದು" ಎಂದಳು.

ಮರುದಿನ ನವರಾತ್ರಿ. ಹಲಬರ್ಗಾದಲ್ಲಿ ಮನೆಮನೆಗೂ ಘಟ ಹಾಕುತ್ತಾರೆ. ಪತ್ರಾವಳಿಯ ಮೇಲೆ ಹೊಲದ ಮಣ್ಣು ಹರಡಿ, ನಡುವೆ ನೀರಿನ ಗಡಿಗೆ ಇಟ್ಟು, ಸುತ್ತ ಕಾಳು ಬಿತ್ತುವುದು. ಒಂಬತ್ತು ದಿನದಲ್ಲಿ ಸಸಿ ಎಷ್ಟೆತ್ತರ ಬಂತೋ ಆ ಮನೆಯ ವರ್ಷ ಅಷ್ಟು ಚೆನ್ನಾಗಿರುತ್ತದೆ ಎಂದು ನಂಬಿಕೆ. ಹಾವಗೆಪ್ಪ ಬಸವಣ್ಣನವರ ಹಾದಿಯವನು, ಇಂಥದನ್ನೆಲ್ಲ ಒಪ್ಪುವವನಲ್ಲ. ಆದರೆ ಘಟ ಹಾಕಬೇಡ ಎಂದು ಹೆಂಡತಿಗೆ ಹೇಳುವ ಧೈರ್ಯವನ್ನು ಬಸವಣ್ಣನವರೂ ಆತನಿಗೆ ಕೊಟ್ಟಿರಲಿಲ್ಲ. ಆ ವರ್ಷ ಯಾರ ಮನೆಯಲ್ಲೂ ಮೊಳೆಯುವ ಜೋಳ ಉಳಿದಿರಲಿಲ್ಲವಾದ್ದರಿಂದ ಹೆಂಗಸರು ಬಂದು ದಾನಮ್ಮನ ಪಡಸಾಲೆಯ ಚೀಲಗಳಿಂದ ಒಂದೊಂದು ಹಿಡಿ ಒಯ್ದರು. ಗೋಧಿ, ಕಡಲೆಯನ್ನು ಅಂಗಡಿಯಿಂದ ತಂದರು.

ಮೂರನೆಯ ದಿನ ದಾನಮ್ಮನ ಘಟದಲ್ಲಿ ಗೋಧಿ ಮೂತಿ ತೋರಿಸಿತು. ನಾಲ್ಕನೆಯ ದಿನ ಕಡಲೆ ಎದ್ದಿತು. ಜೋಳ ಬಿತ್ತಿದ ಸುತ್ತು ಬರಿ ಮಣ್ಣಾಗಿಯೇ ಇತ್ತು. ಐದನೆಯ ದಿನ ಬೆಳಿಗ್ಗೆ ಆಕೆ ಯಾರೂ ಮಾಡಬಾರದ ಕೆಲಸ ಮಾಡಿದಳು, ಘಟದ ಮಣ್ಣಿಗೆ ಬೆರಳು ಹಾಕಿ ಕೆದಕಿದಳು. ಕಾಳು ಉಬ್ಬಿ ಮೆತ್ತಗಾಗಿದ್ದವು, ಹಿಚುಕಿದರೆ ಹುಳಿ ವಾಸನೆಯ ಹಾಲು ಬಂತು. ಆಕೆಗೆ ಮೊದಲು ಹೊಳೆದದ್ದು ಬೀಜದ ವಿಷಯವಲ್ಲ. ತನ್ನ ಮನೆಗೆ ಏನೋ ಕೇಡು ಕಾದಿದೆ, ಹಾವಗೆಪ್ಪನಿಗೇ ಏನಾದರೂ ಆಗುತ್ತದೆ ಎಂದು. ಮಣ್ಣು ಸರಿಮಾಡಿ, ಘಟದ ಮುಂದೆ ದೊಡ್ಡ ತಾಟು ಆನಿಸಿಟ್ಟು, ಮಂದಿಗೆ ಕಾಣದಂತೆ ಮಾಡಿದಳು.

ಪಕ್ಕದ ಮನೆಯ ಅನುಸೂಯಾಬಾಯಿ ಪ್ರತಿ ವರ್ಷ ಮೂರನೆಯ ದಿನದಿಂದಲೇ ಘಟದ ಆರತಿಗೆ ಕರೆಯುವವಳು. ಈ ವರ್ಷ ಕರೆದಿರಲಿಲ್ಲ. ಜರಡಿ ಹಿಂದಕ್ಕೆ ಕೊಡುವ ನೆಪದಲ್ಲಿ ಅವಳ ಮನೆಗೆ ಹೋದ ದಾನಮ್ಮನಿಗೆ ಜಗಲಿಯ ಮೇಲಿನ ಘಟಕ್ಕೆ ಅಡ್ಡಲಾಗಿ ಇಳಿಬಿಟ್ಟ ಸೀರೆ ಕಾಣಿಸಿತು. ಅನುಸೂಯಾಬಾಯಿ ತಲೆನೋವು ಎಂದಳು, ಮಾತು ಬೇರೆ ಕಡೆ ತಿರುಗಿಸಿದಳು. ದಾನಮ್ಮ ಸೀರೆ ಸರಿಸಿ ನೋಡಿದಳು.

"ನಿಮ್ಮನೀದೂ ಹಿಂಗೇ ಏನ?" ಎಂದಳು.

ಅನುಸೂಯಾಬಾಯಿ ಅಳತೊಡಗಿದಳು. ಮಗಳ ಮದುವೆ ಈ ವರ್ಷವೂ ಆಗುವುದಿಲ್ಲವೇನೋ ಎಂದು ಅವಳ ದಿಗಿಲು. ಅಲ್ಲಿಂದ ದಾನಮ್ಮ ಇನ್ನೂ ನಾಲ್ಕು ಮನೆ ಹತ್ತಿ ಇಳಿದಳು. ಒಂದರಲ್ಲಿ ಘಟ ಬುಟ್ಟಿಯ ಮರೆಯಲ್ಲಿತ್ತು, ಇನ್ನೊಂದರಲ್ಲಿ ಜೋಳದ ಜಾಗದಲ್ಲಿ ಗೋಧಿಯನ್ನು ಗುಟ್ಟಾಗಿ ಮರುಬಿತ್ತಿದ್ದರು. ಅರವತ್ತು ಮನೆಗಳಲ್ಲಿ ಅರವತ್ತು ಹೆಂಗಸರು, ಕೇಡು ತಮಗೊಬ್ಬರಿಗೇ ಬಂದಿದೆ ಎಂದು ಬಾಯಿ ಮುಚ್ಚಿಕೊಂಡು ಕೂತಿದ್ದರು. ದೇವಿ ಮುನಿದಿರಲಿಲ್ಲ. ಬೀಜ ಸತ್ತಿತ್ತು.

ಅಂಗಳದ ಕಲ್ಲಿನ ಮೇಲೆ ಕೂತ ದಾನಮ್ಮನಿಗೆ ಏಳಲು ಮನಸ್ಸೇ ಬರಲಿಲ್ಲ. ಮರುದಿನವೇ ಬೀಜ ಹಂಚುವ ಕಾರ್ಯಕ್ರಮ, ಬ್ಯಾನರು ಕಟ್ಟಿಯಾಗಿತ್ತು. ದಸರೆಯ ಮರುದಿನ ಬಿತ್ತಿಗೆ. ಸುಮ್ಮನಿದ್ದರೆ ಅರವತ್ತು ಮನೆಯವರು ಸತ್ತ ಕಾಳನ್ನು ಮಣ್ಣಿಗೆ ಹಾಕಿ, ಹದಿನೈದು ದಿನ ಕಾದು, ಅಷ್ಟರಲ್ಲಿ ಹಸ್ತವೂ ಹೋಗಿ ಹದವೂ ಹೋಗಿ ಬರಿಗೈಯಲ್ಲಿ ನಿಲ್ಲುತ್ತಾರೆ. ಹೇಳಿದರೆ ತವರಿನ ಮಾನ ಹೋಗುತ್ತದೆ, ಜವಾಬ್ದಾರಿ ನನ್ನದು ಎಂದ ತನ್ನ ಮಾನವೂ ಹೋಗುತ್ತದೆ. ಎತ್ತರದವರು ತಗ್ಗಿನವರಿಗೆ ಕೆಟ್ಟ ಬೀಜ ದಾಟಿಸಿದರು ಎಂಬ ಮಾತು ಎರಡು ತಾಲೂಕಿನಲ್ಲಿ ಹತ್ತು ವರ್ಷ ಓಡಾಡುತ್ತದೆ. ಆಕೆಗೆ ತನ್ನ ಮೇಲೆಯೇ ಸಿಟ್ಟು ಬಂತು, ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣವೂ ಉಳಿದಿಲ್ಲವೆಂದು ಅಳು ಬಂತು.

ಹಾವಗೆಪ್ಪ ಎಲ್ಲ ಕೇಳಿ, ಟೆಂಪೋದಲ್ಲಿ ಬರುವಾಗ ಮಳೆಗೆ ನೆನೆದಿರಬಹುದು ಎಂದ. ದಾರಿಯಲ್ಲಿ ಒಂದು ಜಡಿಮಳೆ ಬಂದಿದ್ದು ನಿಜ. ಹಾಗೆಂದರೆ ಯಾರ ಮಾನವೂ ಹೋಗುವುದಿಲ್ಲ, ಮಳೆಗೇನು ಮಾನ. ಆ ಮಾತು ದಾನಮ್ಮನ ಸೆರಗು ಹಿಡಿದುಕೊಂಡೇ ಬಸ್ಸು ಹತ್ತಿತು, ಬೀದರಿನವರೆಗೂ ಬಿಡಲಿಲ್ಲ.

ಚಿದ್ರಿಯ ಮನೆಯಲ್ಲಿ ಪ್ರಮಿಲಾ ಮೇಡಂ ಅಂಗೈಯ ಮೇಲಿನ ಹುಳಿತ ಕಾಳು ನೋಡಿ ಕುರ್ಚಿಯಲ್ಲಿ ಕುಸಿದರು. ಅವರೂ ದಣಿದಿದ್ದರು, ಕಣ್ಣ ಕೆಳಗೆ ಕಪ್ಪಿಟ್ಟಿತ್ತು. ನಿಜಾಮೋದ್ದೀನ ಮರುದಿನದ ಕುರ್ಚಿಗಳನ್ನು ಟೆಂಪೋಕ್ಕೆ ಏರಿಸಿ ಬಂದವನು ಬಾಗಿಲಲ್ಲೇ ನಿಂತಿದ್ದ. ಬರುವಾಗ ಟೆಂಪೋದಲ್ಲಿ ಚೀಲ ನೆನೆದಿದ್ದವೇ ಎಂದು ಮೇಡಂ ತಾವಾಗಿಯೇ ಕೇಳಿದರು.

ದಾನಮ್ಮ ನಿಜಾಮೋದ್ದೀನನ ಕಡೆ ನೋಡಿದಳು. ಆತ ನೆಲ ನೋಡುತ್ತಿದ್ದ. ಹೌದು ಎಂದರೆ ಆತ ಎದುರಾಡುವವನಲ್ಲ, ನನ್ನದೇ ತಪ್ಪು ಎಂದು ಹೊತ್ತುಕೊಂಡು ಹೋಗಿಬಿಡುತ್ತಾನೆ ಎಂದು ಆಕೆಗೆ ಗೊತ್ತಿತ್ತು. ಹನ್ನೊಂದು ಚೀಲ ಹೊತ್ತವನಿಗೆ ಹನ್ನೆರಡನೆಯದೊಂದು.

"ಇಲ್ರಿ ಮೇಡಂ" ಎಂದಳು. "ಇವರು ತಾಡಪತ್ರಿ ಕಟ್ಟಿದ್ರು, ಒಂದು ಹನಿ ಒಳಗ ಬಿದ್ದಿಲ್ಲ. ಪರೀಕ್ಷಾ ಬ್ಯಾಡ ಅಂದಾಕಿ ನಾನು. ತಪ್ಪು ನಂದೇ ಅದ."

ಪ್ರಮಿಲಾ ಮೇಡಂ ಬೈಯಲಿಲ್ಲ. ಪರೀಕ್ಷೆ ಬೇಡವೆಂದಾಗ ನಾನಾದರೂ ಯಾಕೆ ಒಪ್ಪಿದೆ ಎಂದು ತಮ್ಮನ್ನೇ ಬೈದುಕೊಂಡರು. ಕಾರ್ಯಕ್ರಮ ನಿಲ್ಲಿಸಲು, ಗಂಜಿನವರಿಗೆ ಕಡಲೆ ಬೀಜ ಸಿಗುತ್ತದೆಯೇ ಕೇಳಲು ಫೋನು ಹಚ್ಚಿ ಕೂತರು. ನಿಜಾಮೋದ್ದೀನ ಹೊರಗೆ ಹೋಗಿ ಕುರ್ಚಿಗಳನ್ನು ಇಳಿಸಿ, ಟೆಂಪೋ ಔರಾದ ದಾರಿಗೆ ತಿರುಗಿಸಿ ನಿಲ್ಲಿಸಿದ. "ನಡೀರಿ ಅಕ್ಕಾ" ಎಂದ. ಅಷ್ಟೇ.

ಈ ಸಲ ದಾನಮ್ಮ ಟೆಂಪೋ ಇಳಿದಳು. ಆರು ವರ್ಷದ ಮೇಲೆ ತವರಿನ ಹೊಸ್ತಿಲು ದಾಟಿ ಅಡುಗೆಮನೆಯವರೆಗೂ ಹೋದಳು. ಭಾಗೀರಥಿಬಾಯಿ ಹಿಟ್ಟು ನಾದುತ್ತಿದ್ದರು, ಮೊದಲಿಗಿಂತ ಬಹಳ ಇಳಿದುಹೋಗಿದ್ದರು. ದಾನಮ್ಮ ಜಗಳವಾಡಲು ಬಂದಿರಲಿಲ್ಲ, ಜಗಳವಾಡುವ ಶಕ್ತಿಯೂ ಇರಲಿಲ್ಲ. ಗೋಡೆಗೆ ಆತು ಕೂತು, ಕಾಳನ್ನು ನೆಲದ ಮೇಲಿಟ್ಟು, ಮೊಳೆಯಲಿಲ್ಲ ವೈನಿ ಎಂದಳು. ಭಾಗೀರಥಿಬಾಯಿ ಕಾಳು ಮುಟ್ಟಿ ನೋಡಿದರು.

"ನಾ ತೊಳದಿದ್ದೆ" ಎಂದರು.

ಮಿಕ್ಕದ್ದು ನಿಧಾನಕ್ಕೆ ಹೊರಬಿತ್ತು. ಬೀಜವನ್ನು ಹುಳ ಬೀಳದಂತೆ ಬೂದಿ, ಬೇವಿನೆಲೆ ಕಲಸಿ ಇಡುವುದು ಅಲ್ಲಿಯ ರೂಢಿ. ಓಣಿಯಿಂದ ಕೂಡಿ ಬಂದ ಬೀಜ ಕಪ್ಪು ಕಪ್ಪಾಗಿ, ಹಳ್ಳು ಕಡ್ಡಿಯಿಂದ ತುಂಬಿತ್ತು. ಅದನ್ನು ಕಂಡು ಭಾಗೀರಥಿಬಾಯಿಗೆ ಕೈಕಾಲು ಆಡಲಿಲ್ಲ. ಈ ಚೀಲಗಳನ್ನು ಬಿಚ್ಚುವವಳು ದಾನಮ್ಮ, ನೋಡುವವರು ಇಡೀ ಹಲಬರ್ಗಾ ಮತ್ತು ಬೀದರಿನ ಓದಿದ ಮಂದಿ. ಅವರು ಓಣಿಯ ಹೆಂಗಸರನ್ನು ಕೂಡಿಸಿ ಹನ್ನೊಂದು ಚೀಲವನ್ನೂ ಕೇರಿ, ತೊಳೆದು, ಹರಡಿದರು. ಬೀಜ ನೆನೆಯಬಾರದೆಂದು ತಿಳಿಯದವರಲ್ಲ. ಮಧ್ಯಾಹ್ನದ ಬಿಸಿಲಿಗೆ ಒಣಗುತ್ತದೆ ಎಂದುಕೊಂಡರು. ಬಿಸಿಲು ಮೂರು ದಿನ ಬರಲಿಲ್ಲ. ಕಡೆಗೆ ಒಲೆಯ ಸುತ್ತ, ಕಾದ ತಗಡಿನ ಮೇಲೆ ಹಾಕಿ ಒಣಗಿಸಿದರು. ಒಳಗೇ ಕಣ್ಣೊಡೆದಿದ್ದ ಕಾಳು ಒಳಗೇ ಬೆಂದುಹೋಯಿತು.

"ಇಷ್ಟು ತಿಳದವ್ರು, ಹಿಂಗ್ಯಾಕ ಮಾಡಿದ್ರಿ ವೈನಿ?"

"ನಿನ್ನ ಬಾಯಿಗಿ ಅಂಜಿ ಮಾಡಿದೆ, ದಾನಮ್ಮ" ಎಂದರು ಭಾಗೀರಥಿಬಾಯಿ. "ಒಂದು ಹಳ್ಳು ನೀ ಐವತ್ತು ಮಂದಿಗಿ ತೋರಿಸಿದ್ದಿ. ಇನ್ನೊಂದು ಸಿಗಬಾರದಂತ ತೊಳದೆ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ದಾನಮ್ಮನಿಗೆ ಸುಲಭವಾಗುತ್ತಿತ್ತು. ಒಂದು ಊರಿನ ಬಿತ್ತಿಗೆಯನ್ನು ಆರು ವರ್ಷದ ಹಿಂದಿನ ತನ್ನ ಒಂದು ಮಾತು ಬಂದು ಮುಕ್ಕಿತಲ್ಲ ಎಂದು ಆಕೆ ತಲೆ ತಗ್ಗಿಸಿ ಕೂತಳು. ತಪ್ಪಾಯಿತು ಎಂಬ ಮಾತು ಗಂಟಲವರೆಗೆ ಬಂತು. ಅಷ್ಟು ಮಾತು ಬಲ್ಲ ಬಾಯಿಗೆ ಅದೊಂದನ್ನು ಹೊರಗೆ ಹಾಕಲಾಗಲಿಲ್ಲ.

ಬಿತ್ತಿಗೆಯ ಸಂಗತಿಯನ್ನು ಇಲ್ಲಿಯೇ ಹೇಳಿ ಮುಗಿಸುವುದು ಒಳ್ಳೆಯದು. ಔರಾದ ಕಡೆಯವರೂ ಆ ವರ್ಷ ಸುಖವಾಗಿರಲಿಲ್ಲ, ನೀರು ನಿಂತು ಅವರ ತೊಗರಿಯೂ ಒಣಗಿತ್ತು. ಉಳಿದದ್ದು ಅವರು ತಮ್ಮ ಬಿತ್ತಿಗೆಗೆ ಇಟ್ಟುಕೊಂಡ ಬೀಜ. ಭಾಗೀರಥಿಬಾಯಿ ಮೊದಲು ತಮ್ಮ ಗಡಿಗೆಯನ್ನೇ ಅರ್ಧ ಬಗ್ಗಿಸಿದರು, ಆಮೇಲೆ ಓಣಿಗೆ ಹೋಗಿ ಆದದ್ದನ್ನು ಆದಂತೆ ಹೇಳಿದರು. ಇಬ್ಬರು ಬಾಗಿಲು ಹಾಕಿಕೊಂಡರು, ಮಿಕ್ಕವರು ಕೊಟ್ಟರು. ಸಂಜೆಯೊಳಗೆ ಬೂದಿ, ಬೇವಿನೆಲೆ ಸಮೇತ ಐದು ಚೀಲ ಕೂಡಿತು. ಪ್ರಮಿಲಾ ಮೇಡಂ ಅದರಲ್ಲಿ ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರು, ತೊಂಬತ್ತೊಂದು ಮೊಳೆತವು. ಹಲಬರ್ಗಾದ ಅರ್ಧ ಹೊಲಗಳಿಗೆ ಜೋಳ ಬಿತ್ತು, ಇನ್ನರ್ಧಕ್ಕೆ ಗಂಜಿನವರ ಕಡಲೆ. ದಾನಮ್ಮ ಊರವರ ಮುಂದೆ ಎಲ್ಲವನ್ನೂ ಹೇಳಿಕೊಂಡಳು. ಕೆಲವರು ನಕ್ಕರು, ಕೆಲವರು ಇಂದಿಗೂ ಆಡಿಕೊಳ್ಳುತ್ತಾರೆ. ಮೀಟಿಂಗುಗಳು ಮಾತ್ರ ನಿಲ್ಲಲಿಲ್ಲ, ಜಮಖಾನಿ ಹಾಸುವವಳು ಇಂದಿಗೂ ಆಕೆಯೇ.

ಆದರೆ ಆ ಸಂಜೆ ಐದು ಚೀಲ ಟೆಂಪೋಕ್ಕೆ ಏರಿದ ಮೇಲೆ ದಾನಮ್ಮ ಹೊರಡಲು ಎದ್ದಾಗ, ಉಂಡು ಹೋಗು ಎಂದರು ಭಾಗೀರಥಿಬಾಯಿ. ನಿಜಾಮೋದ್ದೀನನಿಗೆ ಪಡಸಾಲೆಯಲ್ಲಿ ತಾಟು ಹಾಕಿದರು. ದಾನಮ್ಮ ಒಲೆಯ ಪಕ್ಕ, ತನ್ನ ತಾಯಿ ಕೂರುತ್ತಿದ್ದ ಜಾಗದಲ್ಲಿ ಕೂತಳು. ಬಿಸಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾದ ಹಿಂಡಿ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

ಮೂರನೆಯ ತುತ್ತಿಗೆ ಹಲ್ಲಿಗೆ ಏನೋ ಸಿಕ್ಕು ಕರಕ್ಕೆಂದಿತು. ಅಷ್ಟು ಚಿಕ್ಕ ಮನೆಯಲ್ಲಿ ಆ ಸದ್ದು ಇಬ್ಬರಿಗೂ ಕೇಳಿತು. ಹಿಟ್ಟು ತಟ್ಟುತ್ತಿದ್ದ ಭಾಗೀರಥಿಬಾಯಿಯ ಕೈ ನಿಂತಿತು. ಅವರು ತಿರುಗಿ ನೋಡಲಿಲ್ಲ.

"ಹಳ್ಳು ಬಂತೇನ?" ಎಂದು ಒಲೆಯ ಕಡೆ ಮುಖ ಮಾಡಿಯೇ ಕೇಳಿದರು.

ದಾನಮ್ಮ ಅದನ್ನು ಅಗಿದಳು, ನುಂಗಿದಳು.

"ಬಂತ್ರಿ ವೈನಿ" ಎಂದಳು. "ಇನ್ನೊಂದು ರೊಟ್ಟಿ ಹಾಕ್ರಿ."

ಭಾಗೀರಥಿಬಾಯಿ ಸೆರಗಿನಿಂದ ಮುಖ ಒರೆಸಿಕೊಂಡು, ಮತ್ತೆ ರೊಟ್ಟಿ ಬಡಿಯತೊಡಗಿದರು.